ಗಾಯಕಿಯರ ಕಂಠವೂ ಕಿವಿಯ ಯಂತ್ರವೂ

ಹೆಂಗಸರ ಹಾಡಿಕೆಯನ್ನು ಕುರಿತು ಬರೆಯಹೊರಟ ನಮ್ಮ ವಿಮರ್ಶಕರಲ್ಲಿ ಹತ್ತಕ್ಕೆ ಎಂಟು ಮಂದಿ ಕೋಗಿಲೆಯನ್ನು ಕರೆತಾರದೆ ಬಿಡುವುದಿಲ್ಲ. ಆ ಪಕ್ಷಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದಕ್ಕೆ ಸಾಹಿತ್ಯವಿಲ್ಲ, ತಾಳವಿಲ್ಲ, ಗುರುವಿಲ್ಲ. ಉಸಿರನ್ನು ಯಾವ ಅಕ್ಷರದ ಮುಂದೆ ತೆಗೆದುಕೊಳ್ಳಬೇಕೆಂಬ ಚಿಂತೆಯೂ ಇಲ್ಲ. (ಹಾಡುವುದು ಗಂಡುಕೋಗಿಲೆಯೆಂಬ ಮಾತು ಹಾಗಿರಲಿ.) ಇಂಪೊಂದನ್ನೇ ಮೆಚ್ಚಿ, ಬುದ್ಧಿಯನ್ನೂ ಸಾಧನೆಯನ್ನೂ ಮರೆಯುವ ಈ ಪರಿಪಾಟಕ್ಕೆ ನಾನೂ ಹೊರತಾಗಿರಲಿಲ್ಲ. ಈಚೆಗೆ ಒಂದು ಒಳ್ಳೆಯ ಹೆಡ್‌ಫೋನನ್ನು ಕೊಂಡು, ಮಳೆಗಾಲದ ರಾತ್ರಿಗಳಲ್ಲಿ ಅನೇಕ ಗಾಯಕಿಯರ ಧ್ವನಿಮುದ್ರಿಕೆಗಳನ್ನು ಕ್ರಮವಾಗಿ ಕೇಳಿದ ಮೇಲೆ, ಬಲ್ಲೆನೆಂದು ಬಹುಕಾಲ ನಂಬಿದ್ದ ಕಂಠಗಳನ್ನು ನಾನು ಕೇಳಿಯೇ ಇರಲಿಲ್ಲವೆಂಬುದು ಮನವರಿಕೆಯಾಯಿತು.

ಇದರಲ್ಲಿ ಕಿವಿಯ ತಪ್ಪು ಕೊಂಚ, ಸಾಧನದ ಮಿತಿ ಕೊಂಚ. ನಮ್ಮ ಸೀಮೆಯ ಮನೆಗಳಿಗೆ ದಿನದಿನವೂ ಸಂಗೀತವನ್ನು ತಂದುಕೊಟ್ಟ ಉಪಕಾರವು 1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿಗೆ ಸಲ್ಲತಕ್ಕದ್ದು. ಆದರೆ ಮಧ್ಯಮ ತರಂಗದ ಪ್ರಸಾರವು ನಮ್ಮ ಹಳೆಯ ರೇಡಿಯೋ ಪೆಟ್ಟಿಗೆಗಳನ್ನು ಹಾದು ಬರುವಷ್ಟರಲ್ಲಿ, ಸೆಕೆಂಡಿಗೆ ಸುಮಾರು 5,000 ಕಂಪನಗಳಿಗೆ ಮೇಲ್ಪಟ್ಟ ನಾದಾಂಶಗಳು ಬಹುಮಟ್ಟಿಗೆ ಉಳಿಯುತ್ತಿರಲಿಲ್ಲ. ಶಕಾರ ಸಕಾರಗಳ ಸ್ಪಷ್ಟತೆಯೂ, ಉಸಿರಿನ ಸಪ್ಪಳವೂ ಇರುವುದು ಆ ಪ್ರದೇಶದಲ್ಲಿಯೇ. ಗಮಕವಾಚನಕ್ಕೆ ಹೆಸರಾದ ಹೊಸಹಳ್ಳಿ ನಮ್ಮ ಪಕ್ಕದಲ್ಲಿಯೇ ಇದೆ. ಪದ ಕೇಳಿಸದ ಹಾಡು ಅರ್ಧ ಹಾಡೆಂಬುದನ್ನು ಶಿವಮೊಗ್ಗೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲ ಮುದ್ರಿಕೆಗಳನ್ನೂ ಈ ಯಂತ್ರಕ್ಕೆ ಒಪ್ಪಿಸಲಾಗದು. ಮೈಸೂರಿನ ಆಸ್ಥಾನಕ್ಕೆ 1928ರಲ್ಲಿ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರು ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡತೊಡಗಿದ್ದು 1902ರಲ್ಲಿ. ಆಗ ಮೈಕು ಇರಲಿಲ್ಲ. ತಗಡಿನ ಕೊಳವೆಯೊಳಗೆ ಕೂಗಿ ಹಾಡಬೇಕಾಗಿತ್ತು. ಮೂರು ನಿಮಿಷದೊಳಗೆ ರಾಗವೂ ಮುಗಿಯಬೇಕು, ತಮ್ಮ ಹೆಸರನ್ನೂ ಸಾರಬೇಕು. ಹೆಡ್‌ಫೋನಿನಲ್ಲಿ ಇಂತಹ ತಟ್ಟೆಗಳ ಗೀರುಸದ್ದೇ ಮುಂದಾಗಿ ಗಾಯನ ಹಿಂದಾಗುವುದು. ಅವನ್ನು ಕೋಣೆಯ ಮೂಲೆಯಲ್ಲಿಟ್ಟ ಸಣ್ಣ ಪೆಟ್ಟಿಗೆಯಿಂದ ಕೇಳುವುದೇ ಮೇಲು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು ಹಾಡತೊಡಗುವ ವೇಳೆಗೆ ಮೈಕು ಬಂದಿತ್ತು; ಅಲ್ಲಿಂದ ಮುಂದೆ ಕೂಗಬೇಕಾದ ಕಾರಣವೇ ತಪ್ಪಿತು.

ಈ ಪ್ರಯೋಗದಲ್ಲಿ ನನ್ನನ್ನು ಅತ್ಯಂತ ನಾಚಿಸಿದವರು ಗಂಗೂಬಾಯಿ ಹಾನಗಲ್ ಅವರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಿರಾಣಾ ಪದ್ಧತಿಯನ್ನು ಕಲಿತು, 2009ರಲ್ಲಿ ತೀರಿಕೊಂಡ ಈ ಮಹನೀಯೆ ಎಳವೆಯಲ್ಲಿ 'ಗಾಂಧಾರಿ' ಎಂಬ ಹೆಸರಿನಿಂದ ಕೊಟ್ಟ ತಟ್ಟೆಗಳಲ್ಲಿ ಶಾರೀರವು ತೆಳುವಾಗಿ, ಏರುಶ್ರುತಿಯಲ್ಲಿದೆ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅದು ಇಳಿದು ಗಡುಸಾಯಿತು. ಇಳಿದ ಕಂಠವನ್ನು ಮರೆಮಾಚಲು ಅವರು ಹೆಣಗಲಿಲ್ಲ. ಅದರ ಮೇಲೆಯೇ ತಮ್ಮ ಗಾಯನವನ್ನು ಕಟ್ಟಿದರು. ರೇಡಿಯೋವಿನಲ್ಲಿ ಇದು ಬರಿಯ ದಪ್ಪ ದನಿಯಾಗಿ ಕೇಳುತ್ತಿತ್ತು. ಹೆಡ್‌ಫೋನಿನಲ್ಲಿಯಾದರೋ, ಮಂದ್ರದ ಒಂದು ಸ್ವರದ ಮೇಲೆ ಅವರು ನಿಲ್ಲುವಾಗ, ಆ ನಿಲುವು ಎಷ್ಟು ಉಸಿರಿನ ಲೆಕ್ಕಾಚಾರದಿಂದ ಸಾಧ್ಯವಾಯಿತೆಂಬುದು ತಿಳಿಯುವುದು. ಸ್ವರದ ಅಂಚಿನಲ್ಲಿ ಸ್ವಲ್ಪ ಒರಟಿದೆ, ಅದರ ನಡುವಿನಲ್ಲಿ ಅಲುಗಾಟವಿಲ್ಲ. ಇದಕ್ಕಿಂತಲೂ ಮುಖ್ಯವಾದದ್ದು, ಅವರ ಮಗಳು ಕೃಷ್ಣಾ ಹಾನಗಲ್ ಅವರ ಸಹಗಾಯನ. 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡ ಈಕೆಯನ್ನು ನಮ್ಮಲ್ಲಿ ಯಾರೂ ವಿಮರ್ಶಿಸಿದಂತೆ ಕಾಣೆ. ಸಾಮಾನ್ಯ ಪೆಟ್ಟಿಗೆಯಲ್ಲಿ ಎರಡು ಕಂಠಗಳೂ ಕಲಸಿಹೋಗುತ್ತವೆ. ಇಲ್ಲಿ, ತಾಯಿ ಬಿಟ್ಟ ಸ್ವರವನ್ನು ನೆಲಕ್ಕೆ ಬೀಳಗೊಡದೆ ಮಗಳು ಎತ್ತಿಕೊಳ್ಳುವ ಜಾಗ, ಮತ್ತೆ ತಾಯಿ ಬಂದೊಡನೆ ಹಿಂದೆ ಸರಿಯುವ ಜಾಗ, ಎರಡೂ ಬೇರೆಬೇರೆಯಾಗಿ ಕಾಣುವುವು. ಹಳೆಯ ಮುದ್ರಿಕೆಗಳು ಒಂದೇ ವಾಹಿನಿಯವು; ಎರಡು ಕಿವಿಗೂ ಒಂದೇ ಧ್ವನಿ ಬಂದು, ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರುವಂತೆ ತಲೆಯ ನಡುವಿನಲ್ಲಿ ಸೇರುವುದು. ಕೆಲವರು ಇದನ್ನು ದೋಷವೆನ್ನುವರು. ಒಂಟಿ ಕಂಠಕ್ಕೆ ಅದೇ ಲೇಸೆಂದು ನನ್ನ ಅಭಿಪ್ರಾಯ.

ದೇವರನಾಮಗಳಿಗೆ ಎಂ. ಎಲ್. ವಸಂತಕುಮಾರಿಯವರನ್ನು ಕೇಳಬೇಕು. ಪುರಂದರದಾಸರ ಪದಗಳು ಅವರಿಗೆ ತಾಯಿ ಲಲಿತಾಂಗಿಯವರಿಂದ ಬಂದ ಆಸ್ತಿ. ಮಾತೃಭಾಷೆ ಕನ್ನಡವಲ್ಲದಿದ್ದರೂ ಅವರು ಪದವನ್ನು ಒಡೆಯುವ ಜಾಗಗಳಲ್ಲಿ ಅರ್ಥ ಕೆಡುವುದು ಅಪೂರ್ವ. ಬಿರ್ಕಾಗಳ ವೇಗದಲ್ಲಿ ಮಾತ್ರ ಒಂದೊಂದು ದೀರ್ಘಾಕ್ಷರ ಹ್ರಸ್ವವಾಗುವುದನ್ನು ಈ ನಿರ್ದಯ ಯಂತ್ರ ತೋರಿಸಿಬಿಡುತ್ತದೆ.

ಭಾವಗೀತೆಗಳ ವಿಷಯಕ್ಕೆ ಬಂದರೆ, ಆರ್. ಕೆ. ಶ್ರೀಕಂಠನ್ ಅವರ ಪುತ್ರಿ ರತ್ನಮಾಲಾ ಪ್ರಕಾಶ್ ಅವರಿಗೆ ನಾನು ಮೊದಲ ಮಣೆ ಹಾಕುವೆನು. ಸಿ. ಅಶ್ವತ್ಥ್ ಅವರು ರಾಗ ಹಾಕಿದ ಕೆ. ಎಸ್. ನರಸಿಂಹಸ್ವಾಮಿಗಳ ಗೀತೆಗಳನ್ನು ಅವರು ಹಾಡುವಾಗ ವಾದ್ಯಗಳು ಬಹಳ, ಕೆಲವೆಡೆ ಅತಿಯೆಂದೇ ಹೇಳಬೇಕು. ಆದರೂ ಅವರ ಪದಾಂತ್ಯಗಳನ್ನು ಗಮನಿಸಿರಿ: ಸ್ವರವನ್ನು ಥಟ್ಟನೆ ಕತ್ತರಿಸದೆ, ಎಳೆಯಲೂ ಎಳೆಯದೆ, ಮಾತಿನಂತೆ ಮುಗಿಸುವರು. ಮಲೆನಾಡಿನವರೇ ಆದ ಬಿ. ಕೆ. ಸುಮಿತ್ರಾ ಅವರ ಕಂಠ ಇದಕ್ಕಿಂತ ತಿಳಿಯಾದದ್ದು. ಜನಪದ ಗೀತೆಗಳಲ್ಲಿ ಅವರು ಹಿತ್ತಿಲ ಬಾಗಿಲಲ್ಲಿ ನಿಂತು ಹಾಡಿದಂತಿರುವುದು.

ಚಲನಚಿತ್ರಗೀತೆಗಳನ್ನು ಸಾಹಿತ್ಯಪತ್ರಿಕೆಯಲ್ಲಿ ಸೇರಿಸಬಹುದೆ ಎಂಬ ಆಕ್ಷೇಪಣೆಗೆ ಉತ್ತರವಾಗಿ ಒಂದೇ ಚಿತ್ರವನ್ನು ಹೆಸರಿಸುವೆನು. 1977ರ 'ಸನಾದಿ ಅಪ್ಪಣ್ಣ'ದಲ್ಲಿ, ಜಿ. ಕೆ. ವೆಂಕಟೇಶ್ ಅವರ ಸಂಗೀತಕ್ಕೆ, ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಯ ಎದುರು ಎಸ್. ಜಾನಕಿಯವರು ಹಾಡಿದ್ದಾರೆ. ಅಂತಹ ವಾದ್ಯದ ಮುಂದೆ ಕಂಠವು ಸಪ್ಪೆಯಾಗಬೇಕಿತ್ತು. ಆಗಲಿಲ್ಲ; ಶಹನಾಯಿಯ ಉಸಿರನ್ನೂ ಜಾನಕಿಯವರ ಉಸಿರನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಕೇಳಿದರೆ, ಯಾರು ಯಾರನ್ನು ಅನುಕರಿಸುತ್ತಿದ್ದಾರೆಂದು ಹೇಳುವುದೇ ಕಷ್ಟ.

ಯಂತ್ರವನ್ನು ಕೊಳ್ಳುವವರಿಗೆ ಎರಡು ಮಾತು. ಕಿವಿಯ ಹಿಂಬದಿ ತೆರೆದಿರುವ ಜಾತಿಯ ಹೆಡ್‌ಫೋನಿನಲ್ಲಿ ಧ್ವನಿ ಹೆಚ್ಚು ಸಹಜವಾಗಿರುವುದು ದಿಟ. ಆದರೆ ಹೆಂಚಿನ ಮೇಲೆ ಆಷಾಢದ ಮಳೆ ಸುರಿಯುವಾಗಲೂ, ಬಿ. ಎಚ್. ರಸ್ತೆಯ ಪಕ್ಕದ ಮನೆಯಲ್ಲಿಯೂ ಅದು ವ್ಯರ್ಥ. ಮುಚ್ಚಿದ ಜಾತಿಯದೇ ನಮಗೆ ತಕ್ಕದ್ದು. ಧ್ವನಿಯನ್ನು ತಗ್ಗಿಸಿ ಕೇಳಬೇಕು. 80 ಡೆಸಿಬೆಲ್ಲಿನಷ್ಟಾದರೆ ವಾರಕ್ಕೆ 40 ಗಂಟೆಯೇ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ಧ್ವನಿ ಏರಿದಷ್ಟೂ ಆ ಅವಧಿ ಬೇಗನೆ ಕುಗ್ಗುವುದು.

ಒಬ್ಬೊಬ್ಬರೇ ಕಿವಿ ಮುಚ್ಚಿಕೊಂಡು ಕೂಡುವುದರಿಂದ ಮನೆಮಂದಿ ಒಟ್ಟಾಗಿ ಕೇಳುವ ಸುಖ ತಪ್ಪುವುದೆಂದು ಮಿತ್ರರೊಬ್ಬರು ನನ್ನನ್ನು ಆಕ್ಷೇಪಿಸಿದರು. ಮಾತು ನಿಜವೇ. ಆದರೆ ಒಟ್ಟಾಗಿ ಕೇಳುವಾಗ ಒಟ್ಟಾಗಿ ನಗುವುದೂ ಉಂಟು. ನಾನು ಹುಡುಗನಾಗಿದ್ದಾಗ ಒಂದು ರಾತ್ರಿ ರೇಡಿಯೋವಿನಲ್ಲಿ ಗಂಗೂಬಾಯಿಯವರ ಗಾಯನ ಬರುತ್ತಿರಲು, "ಇದು ಗಂಡಸಿನ ದನಿ" ಎಂದು ಕೂಗಿ ಎಲ್ಲರನ್ನೂ ನಗಿಸಿದ್ದೆ. ನಮ್ಮ ಅಕ್ಕನವರು ಎದ್ದು ಪೆಟ್ಟಿಗೆಯ ಕಿವಿ ತಿರುಗಿಸಿ ಆರಿಸಿಬಿಟ್ಟರು. ಅವರದೂ ತಗ್ಗಿದ ಶಾರೀರ. ಆರತಿಯ ಹಾಡಿಗೆ ಇತರರು ಹಿಡಿದ ಶ್ರುತಿ ತಮಗೆ ನಿಲುಕದೆ, ನಗೆಗೆ ಅಂಜಿ, ಅವರು ಹಾಡುವುದನ್ನೇ ಬಿಟ್ಟಿದ್ದರೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಹೋದ ತಿಂಗಳು ಭದ್ರಾವತಿಗೆ ಹೋದಾಗ ಹೆಡ್‌ಫೋನನ್ನು ಅವರ ಕಿವಿಗಿಟ್ಟು, ತಾಯಿ ಮಗಳು ಕೂಡಿ ಹಾಡಿದ ಮುದ್ರಿಕೆಯನ್ನು ಹಾಕಿದೆನು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಜೊತೆಗಿರುವವರು ಯಾರೋ?" ಎಂದರು. ಮಗಳೆಂದೆ. "ತಾಯಿ ಮೇಲೆ ಹೋಗಿಲ್ಲ ನೋಡು. ಆಕೆಯ ಶ್ರುತಿಗೆ ಮಗಳೇ ಇಳಿದು ಬಂದಿದ್ದಾಳೆ" ಎಂದು ಹೇಳಿ, ಮತ್ತೆ ಮೊದಲಿನಿಂದ ಹಾಕೆಂದರು. ಹೆಡ್‌ಫೋನು ಇನ್ನೂ ಭದ್ರಾವತಿಯಲ್ಲಿಯೇ ಇದೆ. ಕೇಳಿ ತರಲು ನನಗೆ ಬಾಯಿ ಬಂದಿಲ್ಲ.