ಹವಳಕ್ಕೊಂದು ದಿನ, ಕಾಡಿಗೊಂದು ದಿನ ಸಾಕೇ?

ಜುಲೈ ರಜೆ ಬಂತೆಂದರೆ ಚಳಿಯಲ್ಲಿ ಮುದುಡಿದ ಸಿಡ್ನಿ, ಮೆಲ್ಬರ್ನ್‌ಗಳಿಂದ ಕುಟುಂಬಗಳು ಕ್ವೀನ್ಸ್‌ಲ್ಯಾಂಡ್‌ನ ಕೇರ್ನ್ಸ್‌ಗೆ ಹೊರಡುತ್ತವೆ. ಅವುಗಳಲ್ಲಿ ಕನ್ನಡದ ಮನೆಗಳೂ ಇವೆ, ಊರಿನಿಂದ ಬಂದ ಅಜ್ಜ-ಅಜ್ಜಿಯರೂ ಇರುತ್ತಾರೆ. ಆ ತಿಂಗಳನ್ನು ಆರಿಸಿಕೊಳ್ಳುವುದು ಸರಿಯಾಗಿಯೇ ಇದೆ. ಆಗ ಮಳೆ ಕಡಿಮೆ, ಸೆಕೆ ಹದವಾಗಿರುತ್ತದೆ. ನವೆಂಬರ್‌ನಿಂದ ಮೇವರೆಗೆ ದಡದ ನೀರಿನಲ್ಲಿ ಹೆಚ್ಚುವ ವಿಷದ ಜೆಲ್ಲಿ ಮೀನುಗಳ ಭಯವೂ ಇಳಿದಿರುತ್ತದೆ. ನನ್ನ ತಕರಾರು ಕಾರ್ಯಕ್ರಮದ ಬಗ್ಗೆ. ಒಂದು ದಿನ ಗ್ರೇಟ್ ಬ್ಯಾರಿಯರ್ ರೀಫ್, ಒಂದು ದಿನ ಬೆಟ್ಟದ ಮೇಲಿನ ಕುರಾಂಡಾ ಊರಿಗೆ ರೈಲು, ಒಂದು ದಿನ ಡೇನ್‌ಟ್ರೀ ಮಳೆಕಾಡಿಗೆ ಬಸ್ಸು. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಟಿಕೆಟ್ಟುಗಳೆಂಬಂತೆ ಇವನ್ನು ಮಾರಲಾಗುತ್ತದೆ.

ನಿಜದಲ್ಲಿ ಇವು ಒಂದಕ್ಕೊಂದು ಅಂಟಿಕೊಂಡ ಜಾಗಗಳು. ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬಗಳು 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಮಳೆಕಾಡು 1988ರಲ್ಲಿ. ಡೇನ್‌ಟ್ರೀಯ ಕೇಪ್ ಟ್ರಿಬ್ಯುಲೇಶನ್‌ನಲ್ಲಿ ಕಾಡು ಮರಳಿನವರೆಗೂ ಇಳಿದು ಬರುತ್ತದೆ, ಹವಳ ದಡದ ಹತ್ತಿರಕ್ಕೇ ಬಂದಿರುತ್ತದೆ. ಆದರೆ ಈ ಕರಾವಳಿಯ ಬಹುಭಾಗದಲ್ಲಿ ಕಾಡಿಗೂ ಕಡಲಿಗೂ ನಡುವೆ ಕಬ್ಬಿನ ಗದ್ದೆಗಳಿವೆ. ಬಸ್ಸು ಅವುಗಳ ಪಕ್ಕದಲ್ಲೇ ಹಾದು ಹೋಗುತ್ತದೆ. ಮಳೆಗಾಲದಲ್ಲಿ ಗೊಬ್ಬರದ ಸಾರಜನಕ ಮತ್ತು ಮಣ್ಣು ಹೊಳೆಗಳ ಮೂಲಕ ಸಮುದ್ರ ಸೇರುತ್ತವೆ. ನೀರು ಕದಡುತ್ತದೆ, ಪಾಚಿ ಹೆಚ್ಚುತ್ತದೆ, ಹವಳದ ಮರಿಗಳು ನೆಲೆಯೂರುವುದು ಕಷ್ಟವಾಗುತ್ತದೆ. ಮಂಡ್ಯದ ಕಡೆಯವರಿಗೆ ಕಬ್ಬಿಗೆ ಎಷ್ಟು ಗೊಬ್ಬರ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಬೆಟ್ಟ, ಗದ್ದೆ, ಕಡಲುಗಳ ಈ ನಂಟನ್ನು ತೋರಿಸದ ಪ್ರವಾಸ ಎಷ್ಟು ಸುಂದರವಾಗಿದ್ದರೂ ಅರೆಬರೆಯದು.

ಹವಳದ ದಿನದ ಬಗ್ಗೆ ನನಗೆ ಮೆಚ್ಚುಗೆಯಿದೆ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕುಳಿತು, ಈಜು ಬಾರದ ಅಜ್ಜಿಯೂ ಸೀರೆಯ ಅಂಚು ನೆನೆಯದಂತೆ ಹವಳ ನೋಡಬಹುದು. ಇದು ಸಣ್ಣ ಸಂಗತಿಯಲ್ಲ. ಪುಟ್ಟ ಮಕ್ಕಳಿರುವ ಮನೆಯವರಿಗೆ ದೂರದ ಹವಳದ ಬಳಿ ಪ್ರವಾಸಿಗರಿಗಾಗಿ ನಿಲ್ಲಿಸಿದ ತೇಲುವೇದಿಕೆಗಿಂತ ಕೇರ್ನ್ಸ್‌ನಿಂದ ಸುಮಾರು 27 ಕಿಲೋಮೀಟರ್ ದೂರದ ಗ್ರೀನ್ ಐಲ್ಯಾಂಡ್ ಮೇಲು. ಅದು ಹವಳದ ಪುಡಿಯೇ ಗುಡ್ಡೆಯಾಗಿ ಮೂಡಿದ ದ್ವೀಪ. ಅದರ ಮೇಲೆ ಕಾಡು, ಸುತ್ತ ಹವಳ. ಆದರೆ ಬಣ್ಣದ ಮೀನುಗಳ ಜೊತೆಗೆ ಬೇರೊಂದು ಮಾತೂ ಬೇಕು. 2016, 2017, 2020, 2022, 2024ರಲ್ಲಿ ಇಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿತು. ನೀರು ಬಿಸಿಯಾದಾಗ ಹವಳ ತನಗೆ ಬಣ್ಣವನ್ನೂ ಅನ್ನವನ್ನೂ ಕೊಡುವ ಪಾಚಿಯನ್ನು ಹೊರಹಾಕುತ್ತದೆ. ಬಿಳುಚಿದ ಹವಳ ಆಗಲೇ ಸತ್ತಿರುವುದಿಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ, ಹೇಳುವವರು ಬೇಕು ಅಷ್ಟೆ.

1891ರ ಕುರಾಂಡಾ ರೈಲುಮಾರ್ಗ ಬೆಟ್ಟ ಕೊರೆದ ಸಾಹಸವೇ ಸರಿ, ದಿನ ಕಡಿಮೆಯಿದ್ದರೆ ಬಿಡಬಹುದು. ಅಲ್ಲಿ ಕೋಲಾ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನಂತೂ ಬಿಡಲೇಬೇಕು. ಕೋಲಾ ಬದುಕುವುದು ನೀಲಗಿರಿ ಮರದ ಎಲೆ ತಿಂದು, ಅದು ಈ ಮಳೆಕಾಡಿನ ಜೀವವೇ ಅಲ್ಲ. ಇಲ್ಲಿನ ನಿಜವಾದ ಒಡೆಯ ಕ್ಯಾಸೊವರಿ. ಹಾರಲಾರದ ಈ ದೊಡ್ಡ ಹಕ್ಕಿಯಲ್ಲಿ ಮೊಟ್ಟೆಗೆ ಕಾವು ಕೊಡುವುದೂ ಮರಿ ಸಾಕುವುದೂ ಗಂಡೇ. ದಪ್ಪ ಹಣ್ಣುಗಳನ್ನು ಇಡಿಯಾಗಿ ನುಂಗಿ ಬೀಜಗಳನ್ನು ದೂರ ಹರಡುತ್ತದೆ. ಪಶ್ಚಿಮಘಟ್ಟದಲ್ಲಿ ಮಂಗಟ್ಟೆ ಮಾಡುವುದೂ ಇದೇ ಕೆಲಸ. ಕ್ಯಾಸೊವರಿ ಕಾಣಿಸುತ್ತದೆಂಬ ಖಾತರಿ ಯಾವ ಟಿಕೆಟ್ಟಿನಲ್ಲೂ ಇಲ್ಲ. ಅದನ್ನು ಕೊಲ್ಲುತ್ತಿರುವವುಗಳಲ್ಲಿ ಪ್ರವಾಸಿಗರ ಕಾರುಗಳೂ ಸೇರಿವೆ.

ಇಡೀ ಪ್ರವಾಸದಲ್ಲಿ ನಾನು ಮೊದಲ ಸ್ಥಾನ ಕೊಡುವುದು ಡೇನ್‌ಟ್ರೀ ಕಾಡಿನ ಮಾಸ್‌ಮನ್ ಕಣಿವೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕುಕು ಯಲಂಜಿ ಜನ ನಡೆಸುವ ಕಾಡುನಡಿಗೆಗೆ. ಹೊಗೆ ಹಾಕಿ ಬರಮಾಡಿಕೊಳ್ಳುವ ಅವರು, ಯಾವ ಮರ ಔಷಧಿ, ಯಾವುದು ವಿಷ ಎಂದು ತಮ್ಮ ಹಿರಿಯರಿಂದ ಕಲಿತದ್ದನ್ನು ಹೇಳುತ್ತಾರೆ. 2021ರಲ್ಲಿ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನ ಪೂರ್ವ ಭಾಗದ ಕುಕು ಯಲಂಜಿಯರಿಗೆ ಮರಳಿತು. ಕಾಡು ಯಾರದ್ದು ಎಂಬ ಪ್ರಶ್ನೆಗೆ ಅಲ್ಲಿ ಮಕ್ಕಳಿಗೆ ಸಿಗುವ ಉತ್ತರ ಬಸ್ಸಿನ ಕಿಟಕಿಯಲ್ಲಿ ಸಿಗುವುದಿಲ್ಲ.

ಮುಂದಿನ ರಜೆಗೆ ಹೊರಡುವವರು ಡೇನ್‌ಟ್ರೀಗೆ ಹೋಗಿ ಅದೇ ಸಂಜೆ ಮರಳಬೇಡಿ. ಡೇನ್‌ಟ್ರೀ ನದಿ ದಾಟಿ ಆಚೆ ಒಂದು ರಾತ್ರಿಯಾದರೂ ಉಳಿಯಿರಿ, ಕ್ಯಾಸೊವರಿಯ ನೆನಪಿಟ್ಟು ಅಲ್ಲಿನ ರಸ್ತೆಯಲ್ಲಿ ಕಾರನ್ನು ನಿಧಾನವಾಗಿ ಓಡಿಸಿ.