ಒಣಗಲು ಪುರುಸೊತ್ತಿಲ್ಲದ ಹಲಗೆ

ಎರಡು ವಾರದಿಂದ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಬಕೆಟ್ ನೀರು ಕೂತಿದೆ. ಒಳಗೆ ಅಂಗೈಯಗಲದ ಮೂರು ಹಲಗೆ ತುಂಡುಗಳು. ಎರಡು ತಾವಾಗಿ ಮುಳುಗಿದವು. ಮೂರನೆಯದು ಪೈನ್ ಮರದ್ದು, ತೇಲುತ್ತಿತ್ತು. ಅದರ ನೆತ್ತಿಯ ಮೇಲೆ ಕುಟ್ಟಾಣಿ ಹೇರಿದ್ದೇನೆ. ದಿನಾ ರಾತ್ರಿ ಅವನ್ನು ಒರೆಸಿ, ಹಿಟ್ಟು ತೂಗುವ ತಕ್ಕಡಿಯಲ್ಲಿಟ್ಟು, ಕ್ಯಾಲೆಂಡರಿನ ಅಂಚಿನಲ್ಲಿ ತೂಕ ಬರೆಯುವುದು ನನ್ನ ಕೆಲಸ. "ಮಗ ಹುಟ್ಟಿದಾಗ ಇಷ್ಟು ಸರ್ತಿ ತೂಗಿರಲಿಲ್ಲ ನೀವು" ಎಂದಳು ಹೆಂಡತಿ.

ಹಿತ್ತಿಲಲ್ಲಿ ಹೊಸ ಡೆಕ್, ಅಂದರೆ ಹಲಗೆ ಹಾಸಿದ ಜಗಲಿ, ಕಟ್ಟಿಸಬೇಕು, ಕಾಂಪೊಸಿಟ್ ಹಲಗೆಯದು. ಯಾವುದನ್ನು ಕೊಳ್ಳುವುದು ಎಂಬುದಕ್ಕೆ ಇಷ್ಟೆಲ್ಲ. ಅಂಗಡಿಯ ಪುಸ್ತಿಕೆಗಳನ್ನು ನೋಡಿದರೆ ಆಯ್ಕೆ ಬಲು ಸುಲಭ: ಬಿಸಿಲು, ಬಿಳಿ ಕುರ್ಚಿ, ನಿಂಬೆ ಶರಬತ್ತು, ಬರಿಗಾಲು. ನಾವಿರುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಓಬನ್‌ನಲ್ಲಿ, ಮಲ್ ದ್ವೀಪಕ್ಕೆ ಹಡಗು ಹೊರಡುವ ಊರು. ಇಲ್ಲಿ ಬರಿಗಾಲಲ್ಲಿ ಹೊರಗೆ ನಿಲ್ಲುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು, ಒಂದೇ ಕೈ ಸಾಕು.

ಮಳೆಯ ಲೆಕ್ಕ ಹೇಳಿದರೆ ಊರಿನವರು ನಗುತ್ತಾರೆ. ಇಲ್ಲಿ ವರ್ಷಕ್ಕೆ 1,700 ಮಿ.ಮೀ. ಆಸುಪಾಸು. ನನ್ನೂರು ಪುತ್ತೂರಿನಲ್ಲಿ ಬೀಳುವುದು ಇದರ ಎರಡು ಪಟ್ಟಿಗೂ ಮಿಕ್ಕಿ. ಆದರೆ ಪುತ್ತೂರಿನ ಮಳೆ ನಾಲ್ಕು ತಿಂಗಳು ಹೊಡೆದು ಹೋಗುತ್ತದೆ. ಆಮೇಲೆ ಮಾರ್ಚ್ ತಿಂಗಳ ಬಿಸಿಲು ಅಂಗಳವನ್ನು ಹಪ್ಪಳದ ಹಾಗೆ ಒಣಗಿಸುತ್ತದೆ. ಇಲ್ಲಿನ ಮಳೆ ವರ್ಷವಿಡೀ ಹಂಚಿಕೊಂಡು ಬರುವ ಮಳೆ. ಅದರಲ್ಲೊಂದು ಜಾತಿಗೆ ಇಲ್ಲಿಯವರು 'ಸ್ಮರ್' ಎನ್ನುತ್ತಾರೆ, ನಮ್ಮ ತುಂತುರಿಗಿಂತಲೂ ಸಣ್ಣದು, ಕೊಡೆ ಬಿಚ್ಚಲು ನಾಚಿಕೆಯಾಗುವಷ್ಟು. ಜಡಿಮಳೆ ಹಲಗೆಯನ್ನು ತೊಳೆದು ಹೋಗುತ್ತದೆ, ಸ್ಮರ್ ಅದರ ಮೇಲೆ ಬಿಡಾರ ಹೂಡುತ್ತದೆ. ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ಇಲ್ಲಿ ದಿಗಂತದಿಂದ ಹತ್ತು ಡಿಗ್ರಿಯಷ್ಟೇ ಮೇಲೇಳುವುದು. ನಾಲ್ಕು ಗಂಟೆಗೆ ಮೊದಲೇ ಮುಳುಗಿಯೂ ಆಯಿತು. ಮನೆಯ ಉತ್ತರಕ್ಕೆ ಡೆಕ್ ಇದ್ದರೆ ಚಳಿಗಾಲದ ಮೂರು ತಿಂಗಳು ಅದಕ್ಕೆ ಬಿಸಿಲಿನ ಮುಖವೇ ಇಲ್ಲ. ಹಾಗಾಗಿ ಇಲ್ಲಿ ನಾನು ಹಲಗೆಯ ಜಾತಕ ನೋಡುವುದು ಒಂದೇ ಪ್ರಶ್ನೆಯಿಂದ. ನೀರನ್ನು ಎಷ್ಟು ತಡೆಯುತ್ತದೆ ಎಂದಲ್ಲ, ಸಿಕ್ಕ ಎರಡು ಗಂಟೆಯ ಗಾಳಿಯಲ್ಲಿ ಒಣಗುತ್ತದೆಯೇ ಎಂದು.

ಕಾಂಪೊಸಿಟ್ ಎಂದರೆ ಮರದ ಹೊಟ್ಟು ಮತ್ತು ಪ್ಲಾಸ್ಟಿಕ್ಕನ್ನು ಕಾಯಿಸಿ, ಕಲೆಸಿ, ಅಚ್ಚಿನಿಂದ ಚಕ್ಕುಲಿಯ ಹಾಗೆ ಒತ್ತಿ ತೆಗೆದದ್ದು. ಅಮೆರಿಕದಲ್ಲಿ 1990ರ ದಶಕದಲ್ಲಿ ಇದು ಮನೆಮಾತಾಯಿತು. ವರ್ಜೀನಿಯಾದ ಟ್ರೆಕ್ಸ್ ಕಂಪನಿ 1996ರಲ್ಲಿ ಹುಟ್ಟಿದ್ದು ಈ ಹಲಗೆಯಿಂದಲೇ. ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲ, ಮರದ ಕಾರ್ಖಾನೆಯ ಹೊಟ್ಟು, ಎರಡೂ ಕಸ, ಕಸದಿಂದ ಕಾಸು. ಬ್ರಿಟನ್ನಿಗೆ ಡೆಕ್ಕಿನ ಹುಚ್ಚು ಹಿಡಿಸಿದ್ದು ಮಾತ್ರ 1997ರಲ್ಲಿ ಶುರುವಾದ ಬಿಬಿಸಿಯ 'ಗ್ರೌಂಡ್ ಫೋರ್ಸ್' ಎಂಬ ತೋಟಗಾರಿಕೆ ಕಾರ್ಯಕ್ರಮ. ಅದನ್ನು ನೋಡಿದವರೆಲ್ಲ ಹಿತ್ತಿಲ ಹುಲ್ಲು ಕಿತ್ತು ಪೈನ್ ಹಲಗೆ ಹೊಡೆಸಿದರು. ನಾಲ್ಕೈದು ಚಳಿಗಾಲದಲ್ಲಿ ಅವು ಹಸಿರಾಗಿ, ಕಪ್ಪಾಗಿ, ಮಂಜಿನ ಮೇಲೆ ಎಣ್ಣೆ ಸುರಿದ ಹಾಗಾದವು. ಆ ಬೇಸರದ ಮೇಲೆ ಬಂತು ಕಾಂಪೊಸಿಟ್: "ಕೊಳೆಯುವುದಿಲ್ಲ, ಬಣ್ಣ ಬೇಡ, ಚಿಂತೆಯಿಲ್ಲ."

ಚಿಂತೆ ಇತ್ತು. ಮೊದಲ ತಲೆಮಾರಿನ ಹಲಗೆಗಳ ಮೈ ಬೆತ್ತಲೆ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ಹೊಟ್ಟು, ಹೊಟ್ಟಿಗೆ ನೀರೆಂದರೆ ಆಸೆ. ಮೇಲ್ಮೈಯಲ್ಲಿ ಬಾಯಿ ತೆರೆದು ಕೂತ ಒಂದೊಂದು ಎಳೆಯೂ ನೀರು ಹೀರಿ ಬೂಷ್ಟಿಗೆ ಮನೆ ಮಾಡಿಕೊಟ್ಟಿತು. 2010ರ ಹೊತ್ತಿಗೆ ಕಂಪನಿಗಳು ಹಲಗೆಗೆ ತೆಳುವಾದ ಪ್ಲಾಸ್ಟಿಕ್ ತೊಗಲು ಹೊದಿಸತೊಡಗಿದವು. ಇದನ್ನು 'ಕ್ಯಾಪ್ಡ್' ಹಲಗೆ ಎನ್ನುತ್ತಾರೆ. ಕೊಳ್ಳುವವರು ಮೊದಲು ಮಾಡಬೇಕಾದ್ದು ಹಲಗೆಯನ್ನು ಬೋರಲು ಹಾಕುವುದು. ತೊಗಲು ನಾಲ್ಕೂ ಮಗ್ಗುಲಿಗೆ ಇದೆಯೇ, ಅಥವಾ ಮೇಲೆ ಮತ್ತು ಪಕ್ಕಕ್ಕೆ ಮಾತ್ರ ಹೊದಿಸಿ ಹೊಟ್ಟೆಯನ್ನು ಹಾಗೇ ಬಿಟ್ಟಿದ್ದಾರೆಯೇ? ಒಣ ಹವೆಯಲ್ಲಿ ಮೂರು ಮಗ್ಗುಲು ಸಾಕು. ಇಲ್ಲಿ ನೆಲದಿಂದ ಹಗಲೂ ರಾತ್ರಿ ತೇವ ಏಳುವಾಗ ಹೊಟ್ಟೆಯೇ ಮೊದಲು ಕುಡಿಯುವುದು. ನಾನು ನಾಲ್ಕೂ ಮಗ್ಗುಲಿನ ಪಕ್ಷ.

ಇನ್ನು ಟೊಳ್ಳೋ ಗಟ್ಟಿಯೋ. ಹಲಗೆಯ ತುದಿ ನೋಡಿದರೆ ಕೆಲವದರಲ್ಲಿ ಜೇನುಗೂಡಿನ ಹಾಗೆ ಖಾನೆಗಳಿರುತ್ತವೆ. ಹಗುರ, ಅಗ್ಗ. ಮನೆಯ ಜೊತೆಗೇ ಬಂದ ನಮ್ಮ ಹಳೆಯ ಡೆಕ್ ಇಂಥದ್ದೇ. ತುದಿಗೆ ಮುಚ್ಚಳ ಹಾಕಿದ್ದರು, ಎರಡನೇ ವರ್ಷ ಅರ್ಧ ಮುಚ್ಚಳ ಉದುರಿತ್ತು. ಖಾನೆಯೊಳಗೆ ನೀರು ಹೊಕ್ಕಿತು. ಓಬನ್‌ನಲ್ಲಿ ಅಟ್ಲಾಂಟಿಕ್ಕಿನ ದಯೆಯಿಂದ ಕಡುಚಳಿ ಅಪರೂಪ. ಪಾದರಸ ಸೊನ್ನೆಯ ಆಚೀಚೆ ಉಯ್ಯಾಲೆಯಾಡುತ್ತಿರುತ್ತದೆ, ರಾತ್ರಿ ಹೆಪ್ಪು, ಹಗಲು ಕರಗು. ಹಲಗೆಗೆ ಒಂದೇ ಸಮನೆ ಕೊರೆಯುವ ಚಳಿಗಿಂತ ಈ ಉಯ್ಯಾಲೆಯೇ ಕಂಟಕ. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಜನವರಿಯ ಒಂದು ಬೆಳಿಗ್ಗೆ ಕಸದ ಬುಟ್ಟಿ ಇಡಲು ಹೋದಾಗ ಹಲಗೆಯೊಂದರ ಮೂಲೆ ಬಾಯಿಬಿಟ್ಟಿದ್ದು ಕಂಡಿತು, ಒಳಗೆ ಪೆನ್ಸಿಲಿನ ಹಾಗೆ ಸಾಲಾಗಿ ಮಂಜುಗಡ್ಡೆಯ ಕಡ್ಡಿಗಳು. ನೋಡಲು ಬಹಳ ಚೆಂದ ಇತ್ತು ಎಂಬುದನ್ನೂ ಹೇಳಬೇಕು.

ಬಕೆಟ್ಟಿನ ಫಲಿತಾಂಶ ಹೇಳಿಬಿಡುತ್ತೇನೆ. ಹದಿನಾಲ್ಕು ದಿನಕ್ಕೆ ಪೈನ್ ತುಂಡು 190 ಗ್ರಾಮಿನಿಂದ 262ಕ್ಕೆ ಏರಿತು. ಹಳೆಯ ಡೆಕ್ಕಿನ ಬೆತ್ತಲೆ ಟೊಳ್ಳು 312ರಿಂದ 331ಕ್ಕೆ. ಗಟ್ಟಿ, ನಾಲ್ಕು ಮಗ್ಗುಲಿನ ತೊಗಲಿನದು 405ರಿಂದ 408, ಅದೂ ನಾನು ಕೊಯ್ದ ತುದಿಗಳು ತೆರೆದೇ ಇದ್ದಾಗ. ಇದು ಪ್ರಯೋಗಾಲಯವಲ್ಲ, ನಮ್ಮ ಅಡುಗೆಮನೆ. ಆದರೂ ಮಾರುವವನ ಮಾತಿಗಿಂತ ತಕ್ಕಡಿ ವಾಸಿ. ಸ್ಯಾಂಪಲ್ ತುಂಡುಗಳನ್ನು ಸಾಮಾನ್ಯವಾಗಿ ಪುಕ್ಕಟೆ ಕೊಡುತ್ತಾರೆ.

ಮರವನ್ನೇ ಬಿಟ್ಟುಕೊಟ್ಟ ಹಲಗೆಯೂ ಉಂಟು. ಕೊವೆಂಟ್ರಿಯ ಮಿಲ್‌ಬೋರ್ಡ್‌ನವರು ನಿಜವಾದ ಓಕ್ ಹಲಗೆಯಿಂದ ಅಚ್ಚು ತೆಗೆದು, ಅದರಲ್ಲಿ ಖನಿಜ ಬೆರೆಸಿದ ರಾಳವನ್ನು ಎರೆಯುತ್ತಾರೆ. ಹೊಟ್ಟೇ ಇಲ್ಲದ ಮೇಲೆ ಹೀರುವವರು ಯಾರು? ಕಾಲಿಗೆ ಮೆತ್ತನೆ ರಬ್ಬರಿನ ಹಿಡಿತವೂ ಇದೆ. ಬೆಲೆ ಕೇಳಿದ ಮೇಲೆ ನಾನು ಚಹಾ ಕುಡಿದು ಮನೆಗೆ ಬಂದೆ.

ಜಾರುವ ವಿಷಯಕ್ಕೆ ಬರೋಣ. ಪುಸ್ತಿಕೆಗಳಲ್ಲಿ 'ಆರ್11' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಜರ್ಮನ್ ಪರೀಕ್ಷೆ: ಓರೆಯ ಹಲಗೆಗೆ ಎಂಜಿನ್ ಎಣ್ಣೆ ಸುರಿದು, ಬೂಟು ಹಾಕಿದ ಮನುಷ್ಯನನ್ನು ನಡೆಸುವುದು. ಗ್ಯಾರೇಜಿನ ನೆಲಕ್ಕೆ ಸರಿ. ಬ್ರಿಟನ್ನಿನ ಸುರಕ್ಷತಾ ಇಲಾಖೆ ನೆಚ್ಚುವುದು ಲೋಲಕದ ಪರೀಕ್ಷೆಯನ್ನು. ತುದಿಗೆ ರಬ್ಬರ್ ಕಟ್ಟಿದ ತೋಳೊಂದು ತೂಗಿ ಬಂದು, ಇನ್ನೇನು ಜಾರಲಿರುವ ಹಿಮ್ಮಡಿಯ ಹಾಗೆ ಹಲಗೆಯನ್ನು ಉಜ್ಜಿ ಹೋಗುತ್ತದೆ. ಅಂಕ 36 ಅಥವಾ ಮೇಲಿದ್ದರೆ ಜಾರುವ ಸಂಭವ ಕಡಿಮೆ, 24 ಅಥವಾ ಕೆಳಗಿದ್ದರೆ ಹೆಚ್ಚು. "ಒದ್ದೆಯಲ್ಲಿ ಎಷ್ಟು?" ಎಂದು ಕೇಳಿ. ಒಣಗಿದ್ದಾಗಿನ ಅಂಕ ತೋರಿಸಿದರೆ ಅಂಗಡಿಯಿಂದ ಎದ್ದು ಬನ್ನಿ.

ಅಂಕ ಎಷ್ಟೇ ಇರಲಿ, ಪಾಚಿ ಕಟ್ಟಿದ ಮೇಲೆ ನಾವು ನಡೆಯುವುದು ಹಲಗೆಯ ಮೇಲಲ್ಲ, ಪಾಚಿಯ ಮೇಲೆ. ಪಾಚಿಗೆ ಹಲಗೆಯ ರುಚಿಯೂ ಬೇಕಿಲ್ಲ. ತೇವ, ನೆರಳು, ಹೂವಿನ ಪರಾಗ, ಕೊಳೆತ ಎಲೆಯ ಧೂಳು ಸಿಕ್ಕರೆ ಗಾಜಿನ ಮೇಲೂ ಬೆಳೆದೀತು. ಅದಕ್ಕೇ ಆಳ ಗೆರೆ ಕೊರೆದ ಹಲಗೆ ನನಗಾಗದು. ಗೆರೆ ಹಿಡಿತಕ್ಕೆ ಎನ್ನುತ್ತಾರೆ. ಓಬನ್‌ನಲ್ಲಿ ಅದು ಪಾಚಿಗೆ ಉತ್ತ ಸಾಲು. ಮೇಲ್ಮೈ ತರಿತರಿಯಾಗಿರಲಿ, ಗೆರೆ ಬೇಡ. ಬಣ್ಣದಲ್ಲೂ ನಾನು ಲೋಕವಿರೋಧಿ: ತಿಳಿ ಬಣ್ಣ ಕಾಲು ಸುಡುವುದಿಲ್ಲ ಎಂಬ ಸಲಹೆ ಸ್ಪೇನಿಗೆ ಇರಲಿ. ಇಲ್ಲಿ ಗಾಢ ಬೂದಿ ಬಣ್ಣದ್ದೇ ಸಿಕ್ಕ ಚೂರು ಬಿಸಿಲನ್ನೂ ಹೀರಿ ಬೇಗ ಒಣಗುವುದು. ಅದು ಹಿಗ್ಗುವುದೂ ಹೆಚ್ಚು ಅನ್ನಿ. ಮರ ತೇವಕ್ಕೆ ಅಡ್ಡಡ್ಡ ಉಬ್ಬುತ್ತದೆ, ಈ ಹಲಗೆ ಶಾಖಕ್ಕೆ ಉದ್ದುದ್ದ ಬೆಳೆಯುತ್ತದೆ. ನಾಲ್ಕು ಮೀಟರಿನ ಹಲಗೆ ಮೂವತ್ತು ಡಿಗ್ರಿ ಏರುಪೇರಿಗೆ ಸುಮಾರು ಐದು ಮಿಲಿಮೀಟರ್. ಚಳಿಯಲ್ಲಿ ತುದಿಗೆ ತುದಿ ಒತ್ತಿ ಕೂರಿಸಿದರೆ ಜೂನ್‌ನಲ್ಲಿ ಬೆನ್ನು ಬಾಗಿಸಿ ಏಳುತ್ತದೆ.

ಪಕ್ಕದ ಮನೆಯವರು ನಿವೃತ್ತ ಬಡಗಿ. ದೋಣಿ ದುರಸ್ತಿ ಮಾಡಿ ಬದುಕಿದವರು, ನನ್ನ ಬಕೆಟ್ ನೋಡಿ ನಗಲಿಲ್ಲ. ಹಳೆಯ ಡೆಕ್ಕಿನ ಒಂದು ಹಲಗೆ ಎಬ್ಬಿಸಿ, ಕೆಳಗಿನ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದರು. ಹಲಸಿನ ಹಣ್ಣಿಗೆ ಚಾಕು ಇಳಿದ ಹಾಗೆ ಹಿಡಿಯವರೆಗೂ ಹೋಯಿತು. "ಹಲಗೆಗೆ ಇಪ್ಪತ್ತೈದು ವರ್ಷ ಗ್ಯಾರಂಟಿ ಬರೆದುಕೊಟ್ಟಿದ್ದಾರೆ. ತೊಲೆಗೆ ಯಾರು ಕೊಟ್ಟರು?" ಎಂದರು. ಅಷ್ಟು ಬೆಲೆಯ ಹಲಗೆಯನ್ನು ಅಗ್ಗದ ಪೈನ್ ತೊಲೆಯ ಮೇಲೆ ಕೂರಿಸುವುದೇ ಇಲ್ಲಿನ ವಾಡಿಕೆ. ತೊಲೆ ನೆಲಕ್ಕೆ ತಾಗುವಂತಿದ್ದರೆ ಯುಸಿ4 ದರ್ಜೆಯ ಔಷಧ ಹೀರಿಸಿದ ಮರವೇ ಆಗಬೇಕು. ಕೈಯಲ್ಲಿ ಕಾಸಿದ್ದರೆ ಅಲ್ಯೂಮಿನಿಯಂ. ತೊಲೆಯಿಂದ ತೊಲೆಗೆ 400 ಮಿ.ಮೀ. ಮೀರಬಾರದು. ಎಂಬತ್ತಕ್ಕೆ ಒಂದರ ವಾಟ ಕೊಡಬೇಕು, ಹಲಗೆಯ ಉದ್ದಕ್ಕೆ. ಹಲಗೆಗಳ ನಡುವೆ ಐದಾರು ಮಿ.ಮೀ. ಸಂದು, ಕೆಳಗೆ ಗಾಳಿ ಓಡಾಡುವಷ್ಟು ಎತ್ತರ. ಸ್ಕಾಟ್ಲೆಂಡಿನಲ್ಲಿ ಅನುಮತಿ ಕೇಳದೆ ಅರ್ಧ ಮೀಟರಿನವರೆಗೆ ಡೆಕ್ ಎತ್ತರಿಸಬಹುದು. ಇಂಗ್ಲೆಂಡಿನಲ್ಲಿ 30 ಸೆಂಟಿಮೀಟರ್ ಅಷ್ಟೇ. ಒದ್ದೆ ನಾಡಿನ ಕಾನೂನಿಗೆ ಒದ್ದೆಯ ಅರಿವಿದೆ ಎಂದು ನಾನಂತೂ ಅಂದುಕೊಂಡಿದ್ದೇನೆ. ಸ್ಕ್ರೂ ಬಗ್ಗೆ ಬಡಗಿ ಒಂದೇ ಮಾತು ಹೇಳಿದ್ದು: ಸಮುದ್ರದ ಉಪ್ಪುಗಾಳಿ ಬಡಿಯುವಲ್ಲಿ 316 ದರ್ಜೆಯ ಸ್ಟೇನ್‌ಲೆಸ್, ಅದಕ್ಕಿಂತ ಕೆಳಗಿನದು ಚಹಾ ಚೆಲ್ಲಿದ ಹಾಗೆ ಕಲೆ ಬಿಡುತ್ತದೆ.

ಆ ಗ್ಯಾರಂಟಿ ಪತ್ರವನ್ನು ನಾನು ಓದಿದೆ, ಬಹುಶಃ ಓಬನ್‌ನಲ್ಲಿ ಓದಿದವನು ನಾನೊಬ್ಬನೇ. ಗೆದ್ದಲು ತಿಂದರೆ ಪೂರ್ತಿ ಹಣ ವಾಪಸ್ ಎಂದಿದೆ. ಬ್ರಿಟನ್ನಿನಲ್ಲಿ ಗೆದ್ದಲು ನೆಲೆಯೂರಿದ್ದು ಡೆವನ್‌ನ ಸಾಂಟನ್ ಎಂಬ ಒಂದೇ ಹಳ್ಳಿಯಲ್ಲಿ. ಅದನ್ನೂ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೆನ್ನಟ್ಟಿ, ನಿರ್ಮೂಲವಾಯಿತೆಂದು 2021ರಲ್ಲಿ ಸಾರಿತು. ಪಾಚಿ, ಬೂಷ್ಟು? ಸಣ್ಣಕ್ಷರದಲ್ಲಿ ಕೆಳಗೆ: ಅದು ಹಲಗೆಯ ದೋಷವಲ್ಲ, ತೊಳೆಯುವುದು ಮನೆಯವರ ಹೊಣೆ. ಪುತ್ತೂರಿಗೆ ಬೇಕಾದ ಪತ್ರ ಓಬನ್‌ಗೆ ಬಂದಿದೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ನಮ್ಮಲ್ಲಿ ಮಳೆಗಾಲದ ಅಂಗಳ ಪಾಚಿಗಟ್ಟಿ ಜಾರತೊಡಗಿದರೆ, ಜಗಲಿಯಿಂದ ಕೊಟ್ಟಿಗೆಯವರೆಗೆ ಅಡಿಕೆ ಮರದ ದಬ್ಬೆ ಹಾಸುತ್ತಾರೆ. ಸೀಳಿದ ಮರ, ನಡುವೆ ಸಂದು, ಕೆಳಗೆ ನೀರು ಹರಿಯಲು ದಾರಿ. ಮಳೆ ಮುಗಿದ ಮೇಲೆ ಎತ್ತಿ ಬಚ್ಚಲ ಒಲೆಗೆ. ಬಡಗಿ ಹೇಳಿದ್ದರಲ್ಲಿ ಸ್ಕ್ರೂ ಒಂದನ್ನು ಬಿಟ್ಟು ಎಲ್ಲ ಅಲ್ಲಿತ್ತು. "ಅದಕ್ಕೆಂತ ಇಷ್ಟು ತಲೆಬಿಸಿ? ನಾಲ್ಕು ದಬ್ಬೆ ಹಾಕು ಮಾರಾಯಾ" ಎಂದಳು. ಇಲ್ಲಿ ಅಡಿಕೆ ಮರ ಇಲ್ಲಮ್ಮ ಎಂದೆ. "ಮತ್ತೆ ಅಲ್ಲಿ ಇರುವುದು ಎಂತ?"

ಗಟ್ಟಿ ಹಲಗೆ, ನಾಲ್ಕು ಮಗ್ಗುಲಿನ ತೊಗಲು, ಗೆರೆ ಇಲ್ಲದ್ದು, ಗಾಢ ಬೂದಿ: ಇವತ್ತು ಮುಂಗಡ ಕೊಟ್ಟು ಬಂದೆ. ಡೆಕ್ಕನ್ನು ಮನೆಯ ಉತ್ತರದಿಂದ ತೆಗೆದು ಪಶ್ಚಿಮಕ್ಕೆ ಕಟ್ಟಿಸುತ್ತಿದ್ದೇನೆ, ಸಂಜೆಯ ಗಾಳಿ ಬೀಸುವ ಕಡೆಗೆ. ಅಂಗಡಿಯವನು ಜೊತೆಗೆ ಪ್ರೆಶರ್ ವಾಷರ್ ಮಾರಲು ನೋಡಿದ. ಹತ್ತಿರದಿಂದ ಹೊಡೆದರೆ ಅದು ತೊಗಲನ್ನೇ ಸುಲಿಯುತ್ತದೆ, ಬೇಡ ಎಂದೆ. ಪಾಚಿಗೆ ಸಾಬೂನು ನೀರು, ಹಲಗೆಯ ಉದ್ದಕ್ಕೆ ಒರಟು ಪೊರಕೆ, ವರ್ಷಕ್ಕೆರಡು ಸಲ. ಬರುವ ತಿಂಗಳು ಊರಿಂದ ಬರಲಿರುವ ಅಕ್ಕನ ಪಟ್ಟಿಯಲ್ಲಿ ಉಪ್ಪಿನಕಾಯಿಯ ಕೆಳಗೆ ಎರಡು ಹಿಡಿಸೂಡಿ ಬರೆಸಿದ್ದೇನೆ.