ಅಗ್ಗದ ಇಯರ್‌ಫೋನು: ಡಬ್ಬಿಯ ಅಂಕಿ, ಕಿವಿಯ ತೀರ್ಪು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮೊಬೈಲ್ ಅಂಗಡಿಗಳಲ್ಲಿ ನೂರಿನ್ನೂರು ರೂಪಾಯಿಗೆ ತಂತಿಯ ಇಯರ್‌ಫೋನು ಸಿಗುತ್ತದೆ. ಅದರಲ್ಲಿಯೇ ಪಾಠ ಕೇಳುವ ವಿದ್ಯಾರ್ಥಿಗಳಿದ್ದಾರೆ. ಡಬ್ಬಿಯ ಮೇಲೆ ಸಾಮಾನ್ಯವಾಗಿ ‘20–20,000 ಹರ್ಟ್ಸ್’ ಎಂದಿರುತ್ತದೆ. ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂಬುದನ್ನು ಹೇಳದಿದ್ದರೆ ಈ ಅಂಕಿಗೆ ಬೆಲೆಯಿಲ್ಲ.

ನಮ್ಮ ಕಿವಿಗಾಲುವೆ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ನಳಿಕೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಅದರ ಅನುರಣನೆ ಸುಮಾರು 3,400 ಹರ್ಟ್ಸ್‌ನಲ್ಲಿ ಬರುತ್ತದೆ. ವ್ಯಂಜನಗಳ ಸ್ಪಷ್ಟತೆಗೆ ಈ ಆಸುಪಾಸಿನ ಆವೃತ್ತಿಗಳು ಮುಖ್ಯ. ರಬ್ಬರ್ ತುದಿ ಕಾಲುವೆಯನ್ನು ಮುಚ್ಚಿದಾಗ ಈ ಸಹಜ ವರ್ಧನೆ ತಪ್ಪುತ್ತದೆ. ಅದನ್ನು ಇಯರ್‌ಫೋನೇ ತುಂಬಿಕೊಡಬೇಕು. ಅನೇಕ ಅಗ್ಗದ ಮಾದರಿಗಳು ಇದರ ಬದಲು ಮಂದ್ರವನ್ನು ಉಬ್ಬಿಸುತ್ತವೆ. ಡಗ್ಗಾ ಗುಡುಗುತ್ತದೆ, ಮೇಷ್ಟರ ‘ಸ’, ‘ಶ’ ಬೆರೆತುಹೋಗುತ್ತವೆ.

ಬೆಲೆ ಹೆಚ್ಚಿದ ಮಾತ್ರಕ್ಕೆ ಈ ದೋಷ ನೀಗದು. ಮಾತು ಸ್ಪಷ್ಟವಾಗಿದ್ದು ತುದಿ ಬಿಗಿಯಾಗಿ ಕೂತರೆ ಅಗ್ಗದ್ದೂ ಪಾಠಕ್ಕೆ ಸಾಕು. ತುದಿ ಸಡಿಲವಾದರೆ ಮಂದ್ರ ಸೋರಿಹೋಗುತ್ತದೆ, ಬಸ್ಸಿನ ಸದ್ದು ಒಳನುಗ್ಗುತ್ತದೆ. ಕೇಳುಗ ಧ್ವನಿ ಏರಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾನಕದಂತೆ ವಾರಕ್ಕೆ 40 ಗಂಟೆ ಆಲಿಸಲು ಮಿತಿ ವಯಸ್ಕರಿಗೆ 80, ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಆದ್ದರಿಂದ ಕೊಳ್ಳುವಾಗ ಹಾಡಿನಿಂದಲ್ಲ, ಪರಿಚಿತ ಧ್ವನಿಯ ಮಾತಿನಿಂದ, ತಗ್ಗಿದ ಮಟ್ಟದಲ್ಲಿ ಪರೀಕ್ಷಿಸಿರಿ.